ಪರಿಸರ ಪರೀಕ್ಷೆ ಮತ್ತು ದ್ರಾವಕದ ಲೆಕ್ಕ: ಪುತ್ತೂರು, ಸುಳ್ಯ, ಕಡಬದ ಉದ್ದಿಮೆದಾರರು ತಿಳಿಯಬೇಕಾದ ವಿಚಾರ

ಪುತ್ತೂರು, ಸುಳ್ಯ ಹಾಗೂ ಕಡಬ ತಾಲೂಕುಗಳ ಸಣ್ಣ ಉದ್ದಿಮೆಗಳಿಗೂ ಪರಿಸರ ಪರೀಕ್ಷೆಗೂ ಇಂದು ಬಿಡಿಸಲಾಗದ ಸಂಬಂಧ ಏರ್ಪಟ್ಟಿದೆ. ಗೇರುಬೀಜ ಸಂಸ್ಕರಣೆ, ರಬ್ಬರ್ ಹಾಲಿನ ಸಂಸ್ಕರಣೆ, ತೆಂಗಿನೆಣ್ಣೆ ಗಿರಣಿ, ವಾಹನಗಳ ಸರ್ವಿಸ್ ಸ್ಟೇಶನ್, ಬಾಟಲಿ ನೀರಿನ ಘಟಕ, ಹೋಟೆಲು ಇವುಗಳಲ್ಲಿ ಯಾವುದನ್ನೇ ನಡೆಸುವವರೂ ಒಂದಲ್ಲ ಒಂದು ಸಂದರ್ಭದಲ್ಲಿ ಬಾವಿಯ ನೀರನ್ನೋ ತ್ಯಾಜ್ಯನೀರನ್ನೋ ಪ್ರಯೋಗಾಲಯಕ್ಕೆ ಕಳುಹಿಸಬೇಕಾಗುತ್ತದೆ. 1974ರ ಜಲಮಾಲಿನ್ಯ ನಿಯಂತ್ರಣ ಕಾಯ್ದೆಯ ಅನ್ವಯ ಪಡೆಯುವ ಸಮ್ಮತಿ ಪತ್ರಕ್ಕೆ, ಆಹಾರ ಸುರಕ್ಷತೆಯ ಪರವಾನಿಗೆಗೆ, ದೂರದ ಖರೀದಿದಾರನ ಬೇಡಿಕೆಗೆ, ಎಲ್ಲದಕ್ಕೂ ಪರೀಕ್ಷಾ ವರದಿ ಬೇಕು. ಶುಲ್ಕ ಪಾವತಿಯಾಗುತ್ತದೆ, ವರದಿ ಬರುತ್ತದೆ, ಕಡತ ಸೇರುತ್ತದೆ. ಬಾಟಲಿ ಹೋದ ಮೇಲೆ ವರದಿ ಬರುವುದರೊಳಗೆ ಪ್ರಯೋಗಾಲಯದಲ್ಲಿ ಏನು ನಡೆಯಿತು ಎಂದು ಕೇಳುವ ಪರಿಪಾಠ ಮಾತ್ರ ಬೆಳೆದಿಲ್ಲ.

ಕೇಳಬೇಕಾದ ಕಾರಣವಿದೆ. ನೀರಿನಲ್ಲಿರುವ ಕೀಟನಾಶಕದ ಶೇಷವನ್ನೋ ಎಣ್ಣೆಯ ಅಂಶವನ್ನೋ ಅಳೆಯಬೇಕಾದರೆ ಮೊದಲು ಅದನ್ನು ನೀರಿನಿಂದ ಬೇರ್ಪಡಿಸಬೇಕು. ಆ ಕೆಲಸಕ್ಕೆ ಹೆಕ್ಸೇನ್, ಡೈಕ್ಲೋರೋಮೀಥೇನ್, ಕ್ಲೋರೋಫಾರ್ಮ್, ಅಸಿಟೋನೈಟ್ರೈಲ್ ಮೊದಲಾದ ದ್ರಾವಕಗಳು ಬೇಕು. ಇವುಗಳಲ್ಲಿ ಹಲವು ತಾವೇ ವಿಷ. ಕೆಲವು ಬೆಂಕಿಗೆ ತುತ್ತಾಗುವಂಥವು. ಇವುಗಳ ಬಳಕೆಯ ಭಾರ ಬೀಳುವುದು ಮೂರು ಕಡೆ: ಪ್ರಯೋಗಾಲಯದ ಸಿಬ್ಬಂದಿಯ ಆರೋಗ್ಯದ ಮೇಲೆ, ಪ್ರಯೋಗಾಲಯದ ಸುತ್ತಣ ಗಾಳಿ ಮತ್ತು ನೆಲದ ಮೇಲೆ, ಕೊನೆಗೆ ಪರೀಕ್ಷೆ ಮಾಡಿಸುವವನ ಬಿಲ್ಲಿನ ಮೇಲೆ. ಫಲಿತಾಂಶದ ನಂಬಿಕೆಗೆ ಕುಂದು ಬಾರದಂತೆ ಈ ಬಳಕೆಯನ್ನು ಬಹುಮಟ್ಟಿಗೆ ತಗ್ಗಿಸುವ ವಿಧಾನಗಳು ಕಳೆದ ಮೂರು ದಶಕಗಳಲ್ಲಿ ರೂಪುಗೊಂಡಿವೆ. ಅವು ಬೇಗನೆ ಬಳಕೆಗೆ ಬರುವಂತೆ ಮಾಡುವ ಶಕ್ತಿ ಹಣ ಕೊಡುವ ಗ್ರಾಹಕನಲ್ಲಿಯೇ ಇದೆ.

ಈ ಪ್ರದೇಶಕ್ಕೆ ಪರೀಕ್ಷೆಯ ಮಹತ್ವ

ದಕ್ಷಿಣ ಕನ್ನಡದ ಈ ಭಾಗಕ್ಕೆ ಪ್ರಯೋಗಾಲಯದ ಅಂಕಿಗಳ ಬೆಲೆ ಏನೆಂಬುದನ್ನು ಹೊರಗಿನವರು ಹೇಳಬೇಕಾಗಿಲ್ಲ. ಗೇರು ತೋಪುಗಳಲ್ಲಿ ಚಹಾ ಸೊಳ್ಳೆಯ ನಿಯಂತ್ರಣಕ್ಕೆಂದು ಸುಮಾರು ಎರಡು ದಶಕಗಳ ಕಾಲ, 2000ದ ತನಕ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಇಂದಿನ ಕಡಬ ತಾಲೂಕಿನ ಆಲಂಕಾರು, ಕೊಯಿಲ ಮುಂತಾದ ಊರುಗಳ ಹೆಸರು ಆ ಕಾರಣದಿಂದಲೇ ರಾಜ್ಯಕ್ಕೆಲ್ಲ ಪರಿಚಿತವಾಯಿತು. ಗಡಿಯಾಚೆಯ ಕಾಸರಗೋಡಿನ ಪಡ್ರೆ ಗ್ರಾಮದ ನೀರು, ಮಣ್ಣು, ರಕ್ತ ಮೊದಲಾದ ಮಾದರಿಗಳಲ್ಲಿ ಎಂಡೋಸಲ್ಫಾನಿನ ಶೇಷವಿದೆಯೆಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2001ರಲ್ಲಿ ವರದಿ ಮಾಡಿತು. ಅದೇ ವರ್ಷ ಬೇರೊಂದು ಸಂಸ್ಥೆ ನಡೆಸಿದ ಪರೀಕ್ಷೆಯ ವರದಿ ಇದಕ್ಕೆ ವಿರುದ್ಧವಾಗಿತ್ತು. ಯಾವ ಪ್ರಯೋಗಾಲಯ ಹೇಗೆ ಮಾದರಿ ತೆಗೆಯಿತು, ಹೇಗೆ ಬೇರ್ಪಡಿಸಿತು, ಯಾವ ಉಪಕರಣದಲ್ಲಿ ಅಳೆಯಿತು ಎಂಬುದೇ ಸಾರ್ವಜನಿಕ ಚರ್ಚೆಯ ವಸ್ತುವಾಯಿತು.

2011ರ ಎಪ್ರಿಲ್‌ನಲ್ಲಿ ಎಂಡೋಸಲ್ಫಾನನ್ನು ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸುವ ನಿರ್ಣಯವಾಯಿತು. ಅದೇ ವರ್ಷದ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಲ್ಲಿ ಅದರ ಉತ್ಪಾದನೆ, ಮಾರಾಟ ಮತ್ತು ಬಳಕೆಗೆ ತಡೆಯಾಜ್ಞೆ ನೀಡಿತು. ಪೀಡಿತರೆಂದು ಗುರುತಿಸಲ್ಪಟ್ಟವರಿಗೆ ರಾಜ್ಯ ಸರಕಾರವು ಮಾಸಾಶನ ನೀಡುತ್ತಿದೆ. ಕಾಸರಗೋಡಿನ ಗಡಿಭಾಗದ ಮಿಂಚಿನಪದವಿನಲ್ಲಿ ಉಳಿದ ಕೀಟನಾಶಕವನ್ನು ಪಾಳುಬಾವಿಯಲ್ಲಿ ಹೂಳಲಾಗಿದೆಯೆಂಬ ದೂರು ಇತ್ತೀಚಿನ ವರ್ಷಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂದು, ಅಲ್ಲಿಯ ನೀರು ಮತ್ತು ಮಣ್ಣಿನ ಮಾದರಿಗಳೂ ಪರೀಕ್ಷೆಗೆ ಹೋದವು. ಭಾರತೀಯ ಕುಡಿಯುವ ನೀರಿನ ಮಾನಕವಾದ ಐಎಸ್ 10500ರ 2012ರ ಆವೃತ್ತಿಯ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಎಂಡೋಸಲ್ಫಾನ್ 0.4 ಮೈಕ್ರೋಗ್ರಾಮ್ ಮೀರಬಾರದು. ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಭಾಗಕ್ಕಿಂತಲೂ ಕಡಿಮೆಯಾದ ಈ ಪ್ರಮಾಣವನ್ನು ಕಂಡುಹಿಡಿಯುವುದು ಸಣ್ಣ ಕೆಲಸವಲ್ಲ. ಆದುದರಿಂದ ದ್ರಾವಕ ಉಳಿಸುವ ಉತ್ಸಾಹದಲ್ಲಿ ಪರೀಕ್ಷೆಯ ಸೂಕ್ಷ್ಮತೆಯನ್ನು ಬಿಟ್ಟುಕೊಡುವ ಪ್ರಶ್ನೆಯೇ ಇಲ್ಲ. ಈ ಲೇಖನದಲ್ಲಿ ಹೇಳುವ ಪ್ರತಿಯೊಂದು ಸುಧಾರಣೆಯನ್ನೂ ಇದೇ ಒರೆಗಲ್ಲಿಗೆ ಹಚ್ಚಿ ನೋಡಬೇಕು.

ದ್ರಾವಕ ಹೋಗುವುದೆಲ್ಲಿಗೆ?

ನೀರಿನಲ್ಲಿರುವ ಕೀಟನಾಶಕವನ್ನು ಬೇರ್ಪಡಿಸುವ ಹಳೆಯ ಕ್ರಮ ಹೀಗಿದೆ. ಒಂದು ಲೀಟರ್ ನೀರನ್ನು ದೊಡ್ಡ ಸೆಪರೇಟಿಂಗ್ ಫನೆಲ್‌ಗೆ ಸುರಿದು, ಅದಕ್ಕೆ 60 ಮಿ.ಲೀ. ಡೈಕ್ಲೋರೋಮೀಥೇನ್ ಸೇರಿಸಿ ಚೆನ್ನಾಗಿ ಕುಲುಕಬೇಕು. ಕೀಟನಾಶಕವು ನೀರನ್ನು ಬಿಟ್ಟು ದ್ರಾವಕಕ್ಕೆ ಸೇರುತ್ತದೆ. ತಳದಲ್ಲಿ ನಿಂತ ದ್ರಾವಕವನ್ನು ತೆಗೆದು, ಮತ್ತೆ 60, ಮತ್ತೆ 60 ಮಿ.ಲೀ. ಹೀಗೆ ಮೂರು ಬಾರಿ ನಡೆಯಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 3510 ಎಂಬ ಸಂಖ್ಯೆಯ ವಿಧಾನದಲ್ಲಿ ಹೇಳಿರುವುದು ಇದೇ ಕ್ರಮ. ಪ್ರಪಂಚದ ಅನೇಕ ಪ್ರಯೋಗಾಲಯಗಳು ಇದನ್ನೇ ಮಾದರಿಯಾಗಿ ಇಟ್ಟುಕೊಂಡಿವೆ. ಒಂದು ಲೀಟರ್ ನೀರಿಗೆ ಒಟ್ಟು 180 ಮಿ.ಲೀ. ದ್ರಾವಕ ಖರ್ಚಾಯಿತು. ಉಪಕರಣಕ್ಕೆ ಬೇಕಾಗಿರುವುದು ಒಂದು ಹನಿಗಿಂತಲೂ ಕಡಿಮೆ. ಹಾಗಾಗಿ ಈ 180 ಮಿ.ಲೀ.ಯನ್ನು ಬಿಸಿಯೇರಿಸಿ ಒಂದೆರಡು ಮಿ.ಲೀ.ಗೆ ಇಳಿಸಲಾಗುತ್ತದೆ. ಉಳಿದುದೆಲ್ಲ ಆವಿಯಾಗುತ್ತದೆ. ತಂಪುಗೊಳಿಸಿ ಹಿಡಿದಿಡುವ ವ್ಯವಸ್ಥೆ ಇದ್ದಲ್ಲಿ ಅದು ಸೀಸೆ ಸೇರುತ್ತದೆ. ಇಲ್ಲದಿದ್ದಲ್ಲಿ ಗಾಳಿ ಸೇರುತ್ತದೆ.

ದಿನಕ್ಕೆ 10 ಮಾದರಿಗಳನ್ನು ಹೀಗೆ ಪರೀಕ್ಷಿಸುವ, ವರ್ಷಕ್ಕೆ 250 ದಿನ ಕೆಲಸ ಮಾಡುವ ಒಂದು ಪ್ರಯೋಗಾಲಯವಿದೆಯೆಂದು ಉದಾಹರಣೆಗೆ ಭಾವಿಸಬಹುದು. ಅಲ್ಲಿ ದಿನಕ್ಕೆ 1.8 ಲೀಟರ್, ವರ್ಷಕ್ಕೆ 450 ಲೀಟರ್ ಡೈಕ್ಲೋರೋಮೀಥೇನ್ ಬೇಕು. ಈ ದ್ರಾವಕ ನೀರಿಗಿಂತ ಭಾರವಾದುದರಿಂದ ತೂಕದಲ್ಲಿ ಇದು ಸುಮಾರು 600 ಕಿಲೋ.

ಮಣ್ಣಿನ ಮಾದರಿಯ ಕಥೆಯೂ ಬೇರೆಯಲ್ಲ. ಸಾಕ್ಸ್‌ಲೆಟ್ ಎಂಬ ಗಾಜಿನ ಸಾಧನದಲ್ಲಿ 10 ಗ್ರಾಮ್ ಮಣ್ಣಿಗೆ 300 ಮಿ.ಲೀ.ಯಷ್ಟು ದ್ರಾವಕವನ್ನು 16ರಿಂದ 24 ಗಂಟೆಗಳ ಕಾಲ ಕುದಿಸಿ ಸುತ್ತಿಸಬೇಕು. ದ್ರಾವಕದ ಜೊತೆಗೆ ವಿದ್ಯುತ್ತೂ, ತಂಪುಗೊಳಿಸಲು ನಲ್ಲಿಯ ನೀರೂ ಇಡೀ ದಿನ ಹರಿಯುತ್ತದೆ.

ಆರೋಗ್ಯದ ಮೇಲೆ ಪರಿಣಾಮ

ಡೈಕ್ಲೋರೋಮೀಥೇನ್ ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಈಥರ್ 35 ಡಿಗ್ರಿಗೂ ಮುನ್ನವೇ. ಎಪ್ರಿಲ್, ಮೇ ತಿಂಗಳ ಕರಾವಳಿಯ ಸೆಖೆಯಲ್ಲಿ, ವಿದ್ಯುತ್ ಹೋಗಿ ಫ್ಯಾನು ನಿಂತ ಕೋಣೆಯಲ್ಲಿ, ಮುಚ್ಚಳ ತೆರೆದ ಸೀಸೆಯಿಂದ ಈ ದ್ರಾವಕಗಳು ಎಷ್ಟು ಬೇಗ ಆವಿಯಾಗುತ್ತವೆಂಬುದನ್ನು ಊಹಿಸುವುದು ಕಷ್ಟವಲ್ಲ. ಡೈಕ್ಲೋರೋಮೀಥೇನಿನ ಆವಿ ಗಾಳಿಗಿಂತ ಭಾರ. ಅದು ಕೆಳಗೆ ಇಳಿದು ಕೋಣೆಯಲ್ಲಿ ನಿಲ್ಲುತ್ತದೆ. ಶರೀರದೊಳಗೆ ಹೋದ ಮೇಲೆ ಅದರ ಒಂದಂಶ ಕಾರ್ಬನ್ ಮೊನಾಕ್ಸೈಡ್ ಆಗಿ ಮಾರ್ಪಡುತ್ತದೆ. ಮುಚ್ಚಿದ ಕೋಣೆಯಲ್ಲಿ ಜನರೇಟರ್ ಓಡಿಸಿದಾಗ ಪ್ರಾಣಕ್ಕೆ ಎರವಾಗುವ ಅನಿಲವೂ ಅದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವ ಹೆಚ್ಚಾಗಿರುವ ವಸ್ತುಗಳ ವರ್ಗದಲ್ಲಿ ಇರಿಸಿದೆ. 2024ರಲ್ಲಿ ಅಮೆರಿಕವು ಇದರ ಬಹುತೇಕ ಬಳಕೆಗಳನ್ನು ನಿಷೇಧಿಸುವ ನಿಯಮವನ್ನು ಪ್ರಕಟಿಸಿತು. ಪ್ರಯೋಗಾಲಯಗಳಿಗೆ ಅವಕಾಶ ಉಳಿಸಿದರೂ ಕೆಲಸದ ಕೋಣೆಯ ಗಾಳಿಯಲ್ಲಿ ಎಂಟು ಗಂಟೆಗಳ ಸರಾಸರಿ ಹತ್ತು ಲಕ್ಷಕ್ಕೆ 2 ಭಾಗ ಮೀರಕೂಡದೆಂದು ವಿಧಿಸಿತು. ಅದಕ್ಕೆ ಮುನ್ನ ಅಲ್ಲಿದ್ದ ಮಿತಿ 25 ಭಾಗ.

ಹೆಕ್ಸೇನ್ ನರಗಳ ಮೇಲೆ ಎರಗುವ ದ್ರಾವಕ. 1960ರ ದಶಕದಲ್ಲಿ ಜಪಾನಿನಲ್ಲಿ ಮನೆಯಲ್ಲಿಯೇ ಕುಳಿತು ಚಪ್ಪಲಿ ಅಂಟಿಸುತ್ತಿದ್ದ ಕೆಲಸಗಾರರ ಕೈಕಾಲುಗಳು ಜೋಮು ಹಿಡಿದು ಶಕ್ತಿಗುಂದಿದಾಗ, ಅಂಟಿನಲ್ಲಿದ್ದ ಹೆಕ್ಸೇನ್ ಅದಕ್ಕೆ ಕಾರಣವೆಂದು ಗೊತ್ತಾಯಿತು. ಬೆಂಕಿಯ ಭಯವೂ ಇದರಲ್ಲಿ ಹೆಚ್ಚು. ಕ್ಲೋರೋಫಾರ್ಮ್ ಯಕೃತ್ತಿಗೂ ಮೂತ್ರಪಿಂಡಕ್ಕೂ ಹಾನಿಕರ.

ಇವೆಲ್ಲವನ್ನೂ ದಿನನಿತ್ಯ ಕೈಯಲ್ಲಿ ಹಿಡಿಯುವವರು ಯಾರು? ಪುತ್ತೂರು, ಸುಳ್ಯ, ಮಂಗಳೂರಿನ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಓದಿ ಪ್ರಯೋಗಾಲಯಗಳಲ್ಲಿ ಮೊದಲ ನೌಕರಿ ಹಿಡಿಯುವ ಯುವಕ ಯುವತಿಯರು. ಇವರಲ್ಲಿ ಅನೇಕರು ಇದೇ ವ್ಯಾಪಾರಸ್ಥರ, ಕೃಷಿಕರ, ಕಾರ್ಮಿಕರ ಮನೆಯ ಮಕ್ಕಳು. ಗಿರಾಕಿಯ ನೀರು ಶುದ್ಧವೆಂದು ಪ್ರಮಾಣಪತ್ರ ಕೊಡುವ ಕೆಲಸದಲ್ಲಿ ಇವರ ಆರೋಗ್ಯ ಕೆಡುವುದಾದರೆ ಅದು ಯಾರಿಗೂ ಒಪ್ಪಿಗೆಯಾಗುವ ವ್ಯವಹಾರವಲ್ಲ.

ಕಡಿಮೆ ದ್ರಾವಕದ ವಿಧಾನಗಳು

ಹಸಿರು ರಸಾಯನಶಾಸ್ತ್ರದ 12 ತತ್ತ್ವಗಳನ್ನು ಪಾಲ್ ಅನಸ್ಟಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಮುಂದಿಟ್ಟರು. ತ್ಯಾಜ್ಯ ಹುಟ್ಟಿದ ಮೇಲೆ ಶುದ್ಧಗೊಳಿಸುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು ಲೇಸು ಎಂಬುದು ಅವುಗಳಲ್ಲಿ ಮೊದಲನೆಯದು. ಪರೀಕ್ಷಾ ಕ್ಷೇತ್ರದಲ್ಲಿ ಈ ವಿಚಾರ ಹಲವು ರೂಪಗಳಲ್ಲಿ ಕಾರ್ಯಗತವಾಗಿದೆ.

ಮೊದಲನೆಯದು ಮಾದರಿಯನ್ನೇ ಚಿಕ್ಕದು ಮಾಡುವ ಕ್ರಮ. ಉಪಕರಣಗಳ ಸೂಕ್ಷ್ಮತೆ ಹೆಚ್ಚಿರುವುದರಿಂದ ಎಲ್ಲದಕ್ಕೂ ಒಂದು ಲೀಟರ್ ನೀರು ಬೇಕಾಗುವುದಿಲ್ಲ. ಅಮೆರಿಕದ ಅದೇ ಸಂಸ್ಥೆಯ 3511 ಸಂಖ್ಯೆಯ ವಿಧಾನದಲ್ಲಿ ಸುಮಾರು 35 ಮಿ.ಲೀ. ನೀರನ್ನು ಪುಟ್ಟ ಸೀಸೆಯಲ್ಲಿಯೇ 2 ಮಿ.ಲೀ. ದ್ರಾವಕದೊಂದಿಗೆ ಕುಲುಕಿ ನೇರವಾಗಿ ಉಪಕರಣಕ್ಕೆ ಕೊಡಲಾಗುತ್ತದೆ. ಮೇಲಿನ ಉದಾಹರಣೆಯ ಪ್ರಯೋಗಾಲಯದ ವರ್ಷದ 450 ಲೀಟರ್ ಈ ಕ್ರಮದಲ್ಲಿ 5 ಲೀಟರಿಗೆ ಇಳಿಯುತ್ತದೆ.

ಎರಡನೆಯದು ಘನ ಪದಾರ್ಥದಿಂದ ಹೀರಿಸುವ ಕ್ರಮ. ನೀರನ್ನು ವಿಶೇಷ ಪುಡಿ ತುಂಬಿದ ಸಣ್ಣ ಕೊಳವೆಯ ಅಥವಾ ಬಿಲ್ಲೆಯ ಮೂಲಕ ಹಾಯಿಸಿದರೆ ಕೀಟನಾಶಕ ಅದಕ್ಕೆ ಅಂಟಿಕೊಳ್ಳುತ್ತದೆ; ಬಳಿಕ ಹತ್ತಿಪ್ಪತ್ತು ಮಿ.ಲೀ. ದ್ರಾವಕದಿಂದ ತೊಳೆದು ತೆಗೆದರಾಯಿತು. ಮೂರನೆಯದು ದ್ರಾವಕವೇ ಬೇಡದ ಕ್ರಮ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾನಿಲಯದ ಯಾನುಸ್ ಪಾವ್ಲಿಶಿನ್ ಮತ್ತು ಅವರ ಸಹೋದ್ಯೋಗಿ 1990ರಲ್ಲಿ ಪ್ರಕಟಿಸಿದ ಈ ಕ್ರಮದಲ್ಲಿ, ಲೇಪನವಿರುವ ಕೂದಲಿನಷ್ಟು ತೆಳುವಾದ ಎಳೆಯೊಂದನ್ನು ಮಾದರಿಯಲ್ಲಿ ಅಥವಾ ಅದರ ಮೇಲಿನ ಆವಿಯಲ್ಲಿ ಹಿಡಿದು, ಆ ಎಳೆಯನ್ನೇ ಉಪಕರಣದ ಬಿಸಿಗೆ ಒಡ್ಡಲಾಗುತ್ತದೆ.

ಮಣ್ಣಿಗೆ ಮೈಕ್ರೋವೇವ್ ಶಾಖದ ವಿಧಾನವಿದೆ. ಸಾಕ್ಸ್‌ಲೆಟ್‌ನಲ್ಲಿ 300 ಮಿ.ಲೀ. ಬೇಕಾದಲ್ಲಿ ಇದರಲ್ಲಿ 25ರಿಂದ 30 ಮಿ.ಲೀ. ಸಾಕು, ದಿನದ ಕೆಲಸ ಗಂಟೆಯೊಳಗೆ ಮುಗಿಯುತ್ತದೆ.

ಕಾಳುಮೆಣಸು, ತರಕಾರಿ, ಹಣ್ಣುಗಳ ಕೀಟನಾಶಕ ಶೇಷ ಪರೀಕ್ಷೆಯಲ್ಲಿ 2003ರಲ್ಲಿ ದೊಡ್ಡ ಬದಲಾವಣೆಯಾಯಿತು. ಮಿಕೆಲಿಸ್ ಅನಸ್ಟಾಸಿಯಾಡಿಸ್, ಸ್ಟೀವನ್ ಲೆಹೊಟೆ ಮತ್ತು ಸಂಗಡಿಗರು ಕ್ವೆಚರ್ಸ್ ಎಂಬ ವಿಧಾನವನ್ನು ಪ್ರಕಟಿಸಿದರು. ಶೀಘ್ರ, ಸುಲಭ, ಅಗ್ಗ, ಪರಿಣಾಮಕಾರಿ, ಗಟ್ಟಿ, ಸುರಕ್ಷಿತ ಎಂಬ ಅರ್ಥದ ಆರು ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಕಟ್ಟಿದ ಹೆಸರಿದು. 10 ಗ್ರಾಮ್ ಮಾದರಿಗೆ 10 ಮಿ.ಲೀ. ಅಸಿಟೋನೈಟ್ರೈಲ್ ಹಾಕಿ, ಮೆಗ್ನೀಷಿಯಂ ಸಲ್ಫೇಟ್ ಮತ್ತು ಅಡಿಗೆ ಉಪ್ಪಿನ ರಾಸಾಯನಿಕವಾದ ಸೋಡಿಯಂ ಕ್ಲೋರೈಡ್ ಸೇರಿಸಿ ಕುಲುಕಿದರೆ ದ್ರಾವಕ ಮೇಲೆ ಬೇರೆಯಾಗಿ ನಿಲ್ಲುತ್ತದೆ. ಹಿಂದಿನ ವಿಧಾನಗಳಲ್ಲಿ ಇದೇ ಕೆಲಸಕ್ಕೆ ನೂರಾರು ಮಿ.ಲೀ. ಬೇಕಾಗುತ್ತಿತ್ತು. 2007 ಮತ್ತು 2008ರಲ್ಲಿ ಕ್ರಮವಾಗಿ ಅಮೆರಿಕ ಮತ್ತು ಯುರೋಪಿನ ಅಧಿಕೃತ ಮಾನಕಗಳಲ್ಲಿ ಇದು ಸೇರಿತು. ಇಂದು ನಮ್ಮ ದೇಶದ ರಫ್ತು ಪರೀಕ್ಷಾ ಪ್ರಯೋಗಾಲಯಗಳಲ್ಲಿಯೂ ಇದು ಪರಿಚಿತ. ಕೊಬ್ಬು ಹೆಚ್ಚಿರುವ ಕೊಕ್ಕೊ, ಗೇರುತಿರುಳಿನಂಥ ಮಾದರಿಗಳಿಗೆ ಮಾತ್ರ ಹೆಚ್ಚುವರಿ ಶುದ್ಧೀಕರಣದ ಹಂತ ಬೇಕಾಗುತ್ತದೆ.

ಸ್ಥಳೀಯ ಉದ್ದಿಮೆಗಳ ಪರೀಕ್ಷೆಗಳು

ಕೀಟನಾಶಕದ ಪರೀಕ್ಷೆ ಎಲ್ಲರಿಗೂ ಬೇಕಾಗುವಂಥದ್ದಲ್ಲ. ಸರ್ವಿಸ್ ಸ್ಟೇಶನ್, ಎಣ್ಣೆ ಗಿರಣಿ, ಹೋಟೆಲುಗಳಿಗೆ ಹೆಚ್ಚು ಪರಿಚಿತವಾದುದು ತ್ಯಾಜ್ಯನೀರಿನ ಎಣ್ಣೆ ಮತ್ತು ಗ್ರೀಸಿನ ಪರೀಕ್ಷೆ. ನದಿ, ತೋಡುಗಳಿಗೆ ಬಿಡುವ ನೀರಿನಲ್ಲಿ ಇದು ಲೀಟರಿಗೆ 10 ಮಿಲಿಗ್ರಾಮ್ ಮೀರಬಾರದೆಂಬುದು 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನಕ. ಹಿಂದೆ ಈ ಪರೀಕ್ಷೆಗೆ ಫ್ರಿಯಾನ್ ಜಾತಿಯ ದ್ರಾವಕವೊಂದು ಬಳಕೆಯಲ್ಲಿತ್ತು. ಅದು ಓಝೋನ್ ಪದರಕ್ಕೆ ಹಾನಿಕರವೆಂದು 1987ರ ಮಾಂಟ್ರಿಯಲ್ ಒಪ್ಪಂದದ ವ್ಯಾಪ್ತಿಗೆ ಬಂದ ಮೇಲೆ, ಅಮೆರಿಕವು 1999ರಲ್ಲಿ ಹೆಕ್ಸೇನ್ ಬಳಸುವ 1664 ಸಂಖ್ಯೆಯ ವಿಧಾನಕ್ಕೆ ಒಪ್ಪಿಗೆ ನೀಡಿತು. ಇದರಲ್ಲಿ ಒಂದು ಲೀಟರಿಗೆ 30 ಮಿ.ಲೀ.ಯಂತೆ ಮೂರು ಬಾರಿ ಹೆಕ್ಸೇನ್ ಬೇಕು. ಓಝೋನಿಗೆ ಒಳಿತಾಯಿತು, ಆದರೆ ಬೆಂಕಿಯ ಮತ್ತು ನರರೋಗದ ಭಯ ಪ್ರಯೋಗಾಲಯದೊಳಗೆ ಬಂದಿತು. ಒಂದು ದ್ರಾವಕದ ಬದಲಿಗೆ ಇನ್ನೊಂದನ್ನು ತರುವುದಷ್ಟೇ ಪರಿಹಾರವಲ್ಲವೆಂಬುದಕ್ಕೆ ಇದು ಉದಾಹರಣೆ.

ಇಲ್ಲಿ ಒಂದು ಎಚ್ಚರಿಕೆಯ ಮಾತೂ ಅಗತ್ಯ. ಎಣ್ಣೆ ಮತ್ತು ಗ್ರೀಸ್ ಎಂಬುದು ಒಂದೇ ರಾಸಾಯನಿಕವಲ್ಲ. ನಿಗದಿತ ದ್ರಾವಕದಲ್ಲಿ ಕರಗಿ ಬರುವ ಎಲ್ಲದಕ್ಕೂ ಆ ಹೆಸರು. ದ್ರಾವಕ ಬದಲಾದರೆ ಅಂಕಿಯೂ ಬದಲಾಗಬಹುದು. ಆದುದರಿಂದ ದ್ರಾವಕವಿಲ್ಲದ ಅತಿಗೆಂಪು ಕಿರಣದ ವಿಧಾನಗಳನ್ನು ಘಟಕದೊಳಗಿನ ದಿನನಿತ್ಯದ ತಪಾಸಣೆಗೆ ಉಪಯೋಗಿಸಬಹುದಾದರೂ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಲ್ಲಿಸುವ ವರದಿಯಲ್ಲಿ ಮಂಡಳಿ ಒಪ್ಪಿದ ವಿಧಾನವೇ ಇರಬೇಕು. ಅದರಲ್ಲಿ ಬಳಸಿದ ಹೆಕ್ಸೇನನ್ನು ಬಟ್ಟಿ ಇಳಿಸಿ ಮರಳಿ ಪಡೆಯುವುದು ಸಾಧ್ಯ.

ಗೇರುಬೀಜ ಸಂಸ್ಕರಿಸುವವರಿಗೆ ಫಿನಾಲ್ ಪರೀಕ್ಷೆ ಮುಖ್ಯ. ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿ ಫಿನಾಲ್ ಜಾತಿಯ ಸಂಯುಕ್ತಗಳಿವೆ. ನದಿ, ತೋಡುಗಳಿಗೆ ಬಿಡುವ ತ್ಯಾಜ್ಯನೀರಿನಲ್ಲಿ ಇವುಗಳ ಮಿತಿ ಲೀಟರಿಗೆ 1 ಮಿಲಿಗ್ರಾಮ್. ಅತಿ ಸೂಕ್ಷ್ಮ ಪ್ರಮಾಣದ ಫಿನಾಲನ್ನು ಅಳೆಯುವಾಗ ಬಣ್ಣ ಬಂದ ದ್ರವವನ್ನು ಕ್ಲೋರೋಫಾರ್ಮ್‌ಗೆ ಸೆಳೆದು ಅಳೆಯುತ್ತಾರೆ. ಫಿನಾಲ್ ಅಂಶ ಹೆಚ್ಚಿರುವ ತ್ಯಾಜ್ಯನೀರಿಗೆ ಕ್ಲೋರೋಫಾರ್ಮ್ ಇಲ್ಲದೆ ನೇರವಾಗಿ ಬಣ್ಣ ಅಳೆಯುವ ಮಾನ್ಯ ವಿಧಾನ ಮೊದಲಿನಿಂದಲೂ ಇದೆ. ಕುಡಿಯುವ ನೀರಿಗೆ ಬೇಕಾದ ಸೂಕ್ಷ್ಮತೆಯನ್ನು ತ್ಯಾಜ್ಯನೀರಿನ ಪರೀಕ್ಷೆಗೂ ಅಭ್ಯಾಸಬಲದಿಂದ ಅನ್ವಯಿಸುವುದು ನಷ್ಟದ ಬಾಬ್ತು.

ರಬ್ಬರ್ ಹಾಲು ಸಂಸ್ಕರಿಸುವ ಘಟಕಗಳಿಂದ ಹಿಡಿದು ಹೋಟೆಲುಗಳ ವರೆಗೆ ಎಲ್ಲರಿಗೂ ಬೇಕಾದ ಸಿಒಡಿ ಪರೀಕ್ಷೆಯಲ್ಲಿ ದ್ರಾವಕವಿಲ್ಲ; ಆದರೆ ಪಾದರಸ, ಬೆಳ್ಳಿ ಮತ್ತು ಕ್ರೋಮಿಯಮಿನ ಲವಣಗಳು ಹಾಗೂ ಗಂಧಕಾಮ್ಲ ಬಳಕೆಯಾಗುತ್ತವೆ. ಹಳೆಯ ತೆರೆದ ಕ್ರಮದಲ್ಲಿ 20 ಮಿ.ಲೀ. ಮಾದರಿ ಬೇಕು. ಮುಚ್ಚಿದ ಪುಟ್ಟ ಕೊಳವೆಯ ಕ್ರಮದಲ್ಲಿ 2ರಿಂದ 2.5 ಮಿ.ಲೀ. ಸಾಕು, ರಾಸಾಯನಿಕಗಳ ಬಳಕೆಯೂ ಸುಮಾರು ಅದೇ ಪ್ರಮಾಣದಲ್ಲಿ ಇಳಿಯುತ್ತದೆ.

ಖರ್ಚು ಮತ್ತು ಉಳಿತಾಯ

ದ್ರಾವಕವನ್ನು ಒಮ್ಮೆ ಕೊಂಡರೆ ಎರಡು ಬಾರಿ ಹಣ ತೆತ್ತಂತೆ: ಕೊಳ್ಳುವಾಗ ಒಮ್ಮೆ, ಬಳಸಿದ್ದನ್ನು ಹೊರಸಾಗಿಸುವಾಗ ಇನ್ನೊಮ್ಮೆ. ಬಳಸಿದ ದ್ರಾವಕವು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಸೇರಿದೆ. ಅದನ್ನು ಸಿಂಕಿಗೆ ಸುರಿಯುವಂತಿಲ್ಲ, ಗುಜರಿಯವರಿಗೆ ಕೊಡುವಂತಿಲ್ಲ. ಅಧಿಕೃತ ಸಂಸ್ಥೆಗೇ ಒಪ್ಪಿಸಬೇಕು. ಕುಮಾರಧಾರೆ, ನೇತ್ರಾವತಿ, ಪಯಸ್ವಿನಿಗಳ ಈ ಸೀಮೆಯಲ್ಲಿ, ಮನೆಮನೆಗೂ ಬಾವಿ ಇರುವಾಗ, ಈ ನಿಯಮದ ಅರ್ಥವನ್ನು ವಿವರಿಸಬೇಕಾಗಿಲ್ಲ.

ಪೂರೈಕೆಯ ಅನಿಶ್ಚಿತತೆಯನ್ನೂ ವ್ಯಾಪಾರಸ್ಥರು ಗಮನಿಸಬೇಕು. ಅಸಿಟೋನೈಟ್ರೈಲ್ ಸ್ವತಂತ್ರ ಉತ್ಪನ್ನವಲ್ಲ. ಪ್ಲಾಸ್ಟಿಕ್ ಮತ್ತು ಕೃತಕ ನೂಲಿನ ಕಚ್ಚಾವಸ್ತುವಾದ ಅಕ್ರಿಲೋನೈಟ್ರೈಲ್ ತಯಾರಿಕೆಯ ಉಪಉತ್ಪನ್ನ. 2008ರಲ್ಲಿ ಆರ್ಥಿಕ ಹಿಂಜರಿತದಿಂದ ವಾಹನೋದ್ಯಮ ಕುಸಿದು, ಬೀಜಿಂಗ್ ಒಲಿಂಪಿಕ್ಸಿನ ಹೊತ್ತಿಗೆ ಚೀನಾದ ಕಾರ್ಖಾನೆಗಳೂ ನಿಂತಾಗ ಅಸಿಟೋನೈಟ್ರೈಲ್ ಜಗತ್ತಿನಾದ್ಯಂತ ದುರ್ಲಭವಾಗಿ, ಬೆಲೆ ಹಲವು ಪಟ್ಟು ಏರಿತು. ಮಾದರಿಗೆ 10 ಮಿ.ಲೀ. ಬಳಸುವ ಪ್ರಯೋಗಾಲಯಕ್ಕೂ 200 ಮಿ.ಲೀ. ಬಳಸುವ ಪ್ರಯೋಗಾಲಯಕ್ಕೂ ಆಗ ತಟ್ಟಿದ ಬಿಸಿ ಒಂದೇ ಆಗಿರಲಾರದು.

ಆದರೆ ಹೊಸ ವಿಧಾನಗಳಿಗೆ ಬಂಡವಾಳ ಬೇಕೆಂಬುದನ್ನು ಮರೆಮಾಚುವಂತಿಲ್ಲ. ಅತಿಸೂಕ್ಷ್ಮ ಉಪಕರಣಗಳು ದುಬಾರಿ. ಸಣ್ಣ ಪ್ರಯೋಗಾಲಯಕ್ಕೆ ನಿಲುಕುವಂಥವಲ್ಲ. ಪ್ರತಿಯೊಂದು ಬದಲಾವಣೆಯನ್ನೂ ಸಾಬೀತುಪಡಿಸಿ ಮಾನ್ಯತೆ ಪಡೆಯಲು ಕಾಲ ಬೇಕು. ಆದುದರಿಂದ ಬಂಡವಾಳ ಬೇಡದ ಕ್ರಮಗಳಿಂದ ಆರಂಭಿಸುವುದು ವಿವೇಕ. ಆವಿಯನ್ನು ತಂಪುಗೊಳಿಸಿ ಹಿಡಿಯುವುದು, ಸೀಸೆಗಳ ಮುಚ್ಚಳ ಬಿಗಿಯಾಗಿಡುವುದು, ಕ್ಲೋರಿನ್ ಇರುವ ಮತ್ತು ಇಲ್ಲದ ದ್ರಾವಕಗಳನ್ನು ಬೇರೆಬೇರೆಯಾಗಿ ಸಂಗ್ರಹಿಸುವುದು, ಅನಗತ್ಯ ಪರೀಕ್ಷೆಗಳನ್ನು ಕೈಬಿಡುವುದು ಇವಕ್ಕೆ ಶಿಸ್ತು ಸಾಕು.

ಉದ್ದಿಮೆದಾರರು ಮಾಡಬಹುದಾದುದು

ದ್ರಾವಕ ವ್ಯರ್ಥವಾಗುವ ದೊಡ್ಡ ದಾರಿಯೊಂದು ಪ್ರಯೋಗಾಲಯದಲ್ಲಿಲ್ಲ, ಮಾದರಿ ತೆಗೆಯುವ ಜಾಗದಲ್ಲಿದೆ. ಎಣ್ಣೆಯ ಪರೀಕ್ಷೆಗೆ ಹಳೆಯ ಪ್ಲಾಸ್ಟಿಕ್ ನೀರಿನ ಬಾಟಲಿಯಲ್ಲಿ ಮಾದರಿ ಕಳುಹಿಸಿದರೆ ಎಣ್ಣೆ ಬಾಟಲಿಗೇ ಅಂಟಿಕೊಳ್ಳುತ್ತದೆ, ಫಲಿತಾಂಶ ತಪ್ಪುತ್ತದೆ, ಮರುಪರೀಕ್ಷೆಯಾಗುತ್ತದೆ. ಮರುಪರೀಕ್ಷೆಯೆಂದರೆ ಇಮ್ಮಡಿ ದ್ರಾವಕ, ಇಮ್ಮಡಿ ಶುಲ್ಕ. ಪ್ರಯೋಗಾಲಯವೇ ಕೊಡುವ ಅಗಲಬಾಯಿಯ ಗಾಜಿನ ಬಾಟಲಿಯನ್ನು ಬಳಸಬೇಕು. ಅದರಲ್ಲಿ ತುಂಬಿದ ನೀರನ್ನು ಇನ್ನೊಂದಕ್ಕೆ ಬಗ್ಗಿಸಬಾರದು. ಆಮ್ಲ ಸೇರಿಸಬೇಕೆಂದು ಸೂಚಿಸಿದ್ದರೆ ಸೇರಿಸಬೇಕು. ಕೀಟನಾಶಕದ ಮಾದರಿಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಏಳು ದಿನಗಳೊಳಗೆ ದ್ರಾವಕಕ್ಕೆ ಸೆಳೆಯುವಂತೆ ತಲುಪಿಸಬೇಕು. ಪುತ್ತೂರಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ., ಸುಳ್ಯ, ಸುಬ್ರಹ್ಮಣ್ಯಗಳಿಂದ ಇನ್ನೂ ಹೆಚ್ಚು. ಬೆಂಗಳೂರಿಗೆ ಹೋಗುವ ಮಾದರಿ ಶಿರಾಡಿ ಘಾಟಿ ಹತ್ತಬೇಕು. ಮಳೆಗಾಲದಲ್ಲಿ ಘಾಟಿ ಮುಚ್ಚಿದರೆ ಮಾದರಿಯೂ ದಾರಿಯಲ್ಲೇ ಉಳಿಯುತ್ತದೆ. ಒಂದು ಲೀಟರಿನ ಗಾಜಿನ ಬಾಟಲಿಗಳ ಪೆಟ್ಟಿಗೆಗಿಂತ 40 ಮಿ.ಲೀ. ಸೀಸೆಗಳ ಪೆಟ್ಟಿಗೆ ಸಾಗಾಟಕ್ಕೆ ಹಗುರ, ಒಡೆಯುವ ಭಯವೂ ಕಡಿಮೆ. ಸಣ್ಣ ಮಾದರಿಯ ವಿಧಾನಗಳ ಈ ಲಾಭ ದೂರದ ಊರಿನವರಿಗೇ ಹೆಚ್ಚು.

ಪ್ರಯೋಗಾಲಯವನ್ನು ಆರಿಸುವಾಗ ಶುಲ್ಕದ ಜೊತೆಗೆ ಈ ಕೆಳಗಿನ ವಿಷಯಗಳನ್ನು ಲಿಖಿತವಾಗಿ ಕೇಳುವುದು ಉತ್ತಮ.

1. ಪ್ರತಿಯೊಂದು ಪರೀಕ್ಷೆಗೆ ಅನುಸರಿಸುವ ವಿಧಾನದ ಸಂಖ್ಯೆ ಯಾವುದು? ಅದು ಐಎಸ್ಒ 17025 ಅನ್ವಯ ಎನ್ಎಬಿಎಲ್ ಮಾನ್ಯತೆಯ ವ್ಯಾಪ್ತಿಯಲ್ಲಿದೆಯೇ? ಮಂಡಳಿಗೆ ಸಲ್ಲಿಸುವ ವರದಿಗೆ ಅದು ಸಲ್ಲುತ್ತದೆಯೇ?

2. ಒಂದು ಮಾದರಿಗೆ ಬಳಸುವ ದ್ರಾವಕ ಯಾವುದು, ಎಷ್ಟು ಮಿ.ಲೀ.?

3. ಪರೀಕ್ಷಿಸಬೇಕಾದ ಮಿತಿಗಿಂತ ಕೆಳಗಿನ ಪ್ರಮಾಣವನ್ನೂ ಆ ವಿಧಾನದಿಂದ ಅಳೆಯಬಹುದೇ? ತಿಳಿದ ಪ್ರಮಾಣದ ರಾಸಾಯನಿಕವನ್ನು ಸೇರಿಸಿ ಪರೀಕ್ಷಿಸಿದಾಗ ಶೇಕಡಾ ಎಷ್ಟು ಮರಳಿ ದೊರೆತಿದೆ? ಆಹಾರದಲ್ಲಿನ ಕೀಟನಾಶಕ ಶೇಷಕ್ಕೆ ಐರೋಪ್ಯ ಒಕ್ಕೂಟದ ಮಾರ್ಗದರ್ಶಿ ಒಪ್ಪುವುದು ಸರಾಸರಿ ಶೇ. 70ರಿಂದ 120.

4. ಬಳಸಿದ ದ್ರಾವಕವನ್ನು ಯಾರಿಗೆ ಒಪ್ಪಿಸಲಾಗುತ್ತದೆ? ಅದರ ದಾಖಲೆ ಇದೆಯೇ?

5. ಆವಿ ಹೊರಹಾಕುವ ಫ್ಯೂಮ್ ಹುಡ್‌ನ ತಪಾಸಣೆ ಕೊನೆಯದಾಗಿ ಯಾವಾಗ ಆಯಿತು?

ಮೂರನೆಯ ಪ್ರಶ್ನೆಗೆ ತೃಪ್ತಿಕರ ಉತ್ತರ ದೊರೆಯದೆ, ದ್ರಾವಕ ಕಡಿಮೆಯೆಂಬ ಒಂದೇ ಕಾರಣಕ್ಕೆ ಪ್ರಯೋಗಾಲಯವನ್ನು ಬದಲಿಸಬಾರದು. ಇದೇ ಸೀಮೆಯ ಜನ ಒಂದು ಕಾಲದಲ್ಲಿ ಎರಡು ವಿರುದ್ಧ ವರದಿಗಳ ನಡುವೆ ಸಿಲುಕಿದ್ದನ್ನು ಮರೆಯುವಂತಿಲ್ಲ.

ಒಬ್ಬೊಬ್ಬರಾಗಿ ಕೇಳಿದರೆ ಈ ಪ್ರಶ್ನೆಗಳಿಗೆ ಉತ್ತರ ದೊರೆಯುವುದು ಕಷ್ಟವಾಗಬಹುದು. ವರ್ಷಕ್ಕೆ ಎರಡು ಬಾಟಲಿ ಕಳುಹಿಸುವ ಸಣ್ಣ ಗಿರಾಕಿಗಾಗಿ ಯಾವ ಪ್ರಯೋಗಾಲಯವೂ ತನ್ನ ಕ್ರಮ ಬದಲಿಸಲಾರದು. ಒಂದೇ ಬಗೆಯ ಪರೀಕ್ಷೆ ಬೇಕಾದ ಹತ್ತಿಪ್ಪತ್ತು ಘಟಕಗಳು ತಮ್ಮ ಸಂಘದ ಮೂಲಕ ಒಟ್ಟಾಗಿ ವಾರ್ಷಿಕ ಒಪ್ಪಂದ ಮಾಡಿಕೊಂಡು, ಒಂದೇ ದಿನ ಮಾದರಿ ತೆಗೆಸಿ ಒಂದೇ ವಾಹನದಲ್ಲಿ ಕಳುಹಿಸಿದರೆ ಚಿತ್ರ ಬೇರೆಯಾಗುತ್ತದೆ. ಪ್ರತಿ ತಂಡದ ಪರೀಕ್ಷೆಯೊಂದಿಗೂ ಪ್ರಯೋಗಾಲಯವು ಶುದ್ಧ ನೀರಿನ ಖಾಲಿ ಮಾದರಿಯನ್ನೂ ತಪಾಸಣೆಯ ಮಾದರಿಯನ್ನೂ ಓಡಿಸಬೇಕಾಗುವುದರಿಂದ, ಬಿಡಿಬಿಡಿಯಾಗಿ ಬರುವ ಹತ್ತು ಬಾಟಲಿಗಳಿಗಿಂತ ಒಟ್ಟಿಗೆ ಬರುವ ಹತ್ತು ಬಾಟಲಿಗಳಿಗೆ ದ್ರಾವಕವೂ ಶ್ರಮವೂ ಕಡಿಮೆ. ಶುಲ್ಕದಲ್ಲಿ ರಿಯಾಯಿತಿ ಕೇಳುವುದಕ್ಕೂ ಆಗ ಆಧಾರವಿರುತ್ತದೆ.

ಅಡಿಕೆ ಬೆಳೆಗಾರರು ಒಗ್ಗೂಡಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದ, ಆ ಸಂಸ್ಥೆ 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟ್ ಕಾರ್ಖಾನೆ ತೆರೆದ ಸೀಮೆಯಿದು. ಒಟ್ಟಾಗಿ ಕೊಳ್ಳುವ, ಒಟ್ಟಾಗಿ ಮಾರುವ ಪದ್ಧತಿ ಇಲ್ಲಿಗೆ ಹೊಸದಲ್ಲ. ಪರೀಕ್ಷೆಯ ಸೇವೆಯನ್ನೂ ಹಾಗೆಯೇ ಒಟ್ಟಾಗಿ ಕೊಳ್ಳಬಹುದು. ಮುಂದಿನ ಬಾರಿ ಸಮ್ಮತಿ ಪತ್ರದ ನವೀಕರಣಕ್ಕೆ ಮಾದರಿ ಕಳುಹಿಸುವ ಮುನ್ನ, ನೆರೆಯ ಘಟಕದವರೊಡನೆ ಮಾತನಾಡಿ ಮೇಲಿನ ಐದು ಪ್ರಶ್ನೆಗಳ ಪತ್ರವೊಂದನ್ನು ಪ್ರಯೋಗಾಲಯಕ್ಕೆ ಕಳುಹಿಸುವುದರಿಂದ ಈ ಕೆಲಸವನ್ನು ಪ್ರಾರಂಭಿಸಬಹುದಾಗಿದೆ.